ಕಾಣದ ಹೊಗೆ

ಹಳೆಯ ಟ್ರಾಕ್ಟರು, ಹಳೆಯ ಜೀಪು, ಗೋದಾಮಿನಲ್ಲಿ ಚೀಲ ಎತ್ತುವ ಹಳೆಯ ಫೋರ್ಕ್‌ಲಿಫ್ಟು ಇಂಥವುಗಳಿಗೆ ಡೀಸೆಲು, ಪೆಟ್ರೋಲು ಬಿಡಿಸಿ ಬೇರೆ ಇಂಧನದ ರೂಢಿ ಮಾಡಿಸುವುದು ನನ್ನ ಕೆಲಸವಾಗಿತ್ತು. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಎಂಜಿನ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಸೇರಿ ಅಲ್ಲಿಂದಲೇ ನಿವೃತ್ತನಾದೆ. ನಡುವೆ ಬಂದ ಬಡ್ತಿಗಳ ವಿಚಾರ ಬಿಡಿ. ಸನ್ಮಾನದ ಶಾಲುಗಳನ್ನು ನನ್ನ ಹೆಂಡತಿ ಬಂದ ನೆಂಟರಿಗೆಲ್ಲ ಹೊದಿಸಿ ಮುಗಿಸಿದ್ದಾಳೆ. ಈಗ ಇದೇ ಕೆಲಸಕ್ಕೆ ಹೊಸದಾಗಿ ಸೇರಿದವರು ದೇವರಾಜ ಅರಸು ಬಡಾವಣೆಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ಕಿಟ್ ಒಳ್ಳೆಯದು, ಯಾವ ಎಣ್ಣೆಗೆ ಎಷ್ಟು ಎಳೆತ ಎಂದು ಕೇಳುತ್ತಾರೆ. ಅದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ನಾನು ಮಾಡಿದ ತಪ್ಪುಗಳು ಯಾವ ಪುಸ್ತಕದಲ್ಲೂ ಇಲ್ಲ. ಅವನ್ನೇ ಬರೆಯುತ್ತೇನೆ.

ಕಾಲೇಜಿಗೆ ಸೇರುವ ಮುಂಚೆ ಹರಿಹರದಲ್ಲಿ ಡೀಸೆಲ್ ಪಂಪು ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿನ ಮೇಸ್ತ್ರಿ ಖಾದರ್ ಸಾಬರು ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿ ಕೊಟ್ಟು, ಯಾವ ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲ ಎಂದು ಹೇಳಿಬಿಡುತ್ತಿದ್ದರು. ಆ ವಿದ್ಯೆ ನನಗೂ ಹತ್ತಿತು. ಕಾಲೇಜಿಗೆ ಬಂದ ಮೇಲೆ ಹುಡುಗರು ಮೀಟರು ಹಚ್ಚಿ ಒದ್ದಾಡುತ್ತಿದ್ದರೆ, ನಾನು ಒಂದು ನಿಮಿಷ ಕಿವಿಗೊಟ್ಟು ಸ್ಕ್ರೂ ತಿರುಗಿಸಿ ಸರಿಮಾಡುತ್ತಿದ್ದೆ. 'ಕಿವಿ ಮೇಷ್ಟ್ರು' ಎಂದು ಹೆಸರು ಬಿತ್ತು. ಅದು ನನಗೆ ಇಷ್ಟವೂ ಆಗಿತ್ತು.

ಕಾಲೇಜಿನಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುವ ಘಟಕ ಶುರುವಾದಾಗ ಅದರ ಮುಖ್ಯಸ್ಥರಾಗಿ ಬಂದವರು ಚನ್ನಬಸಪ್ಪ ಸರ್. ಒಳ್ಳೆಯ ವಿದ್ವಾಂಸರು, ಕೈ ಎಣ್ಣೆ ಮಾಡಿಕೊಳ್ಳಲು ಹಿಂಜರಿಯದವರು. ಅವರಿಗೆ ಇದ್ದದ್ದು ಒಂದೇ ಭಯ: ಮೇಲಿನವರು ಘಟಕ ಮುಚ್ಚಿಬಿಡುತ್ತಾರೆ ಎಂಬುದು. ಆ ಭಯದಲ್ಲಿ ಅವರು ಎಲ್ಲದಕ್ಕೂ ಅವಸರ ಮಾಡುತ್ತಿದ್ದರು.

ಹೊಂಗೆ ಎಣ್ಣೆಯನ್ನು ಹಾಗೇ ಟ್ಯಾಂಕಿಗೆ ಸುರಿಯಲು ಬರುವುದಿಲ್ಲ. ಅದಕ್ಕೆ ಸ್ಪಿರಿಟ್ಟು, ಕಾಸ್ಟಿಕ್ ಬೆರೆಸಿ ಕಾಯಿಸಬೇಕು. ಕೆಳಗೆ ಕೂರುವ ಗ್ಲಿಸರಿನ್ ತೆಗೆಯಬೇಕು. ಆಮೇಲೆ ಮೇಲಿನ ತಿಳಿಯನ್ನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು, ಯಾಕೆಂದರೆ ಅದರಲ್ಲಿ ಸೋಪು ಹುಟ್ಟಿರುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ಬಿಡುವಂತಿಲ್ಲ. ಅದಕ್ಕೆ ಒಂದು ದಿನ ಹಿಡಿಯುತ್ತದೆ.

ಆ ವರ್ಷ ಆನಗೋಡಿನ ಈರಣ್ಣ ಎಂಬ ರೈತರು ತಮ್ಮ ಹಳೆಯ ಟ್ರಾಕ್ಟರನ್ನು ನಮ್ಮ ಪ್ರಯೋಗಕ್ಕೆ ಕೊಡಲು ಒಪ್ಪಿದ್ದರು. ಅಧಿಕಾರಿಗಳು ನೋಡಲು ಬರುವ ದಿನ ಗೊತ್ತಾಗಿತ್ತು. ಸರ್ ಬಂದು, "ತಿಪ್ಪೇಸ್ವಾಮಿ, ಎರಡು ಸಲ ತೊಳೆದಿದ್ದೀರಲ್ಲ, ಸಾಕು ತಗೊಂಡು ಹೋಗಿ" ಎಂದರು. ನೀರು ಇನ್ನೂ ಹಾಲಿನ ಹಾಗೆ ಇತ್ತು. ನನಗೆ ಗೊತ್ತಿತ್ತು. ಆದರೂ ಕ್ಯಾನು ತುಂಬಿಸಿ ಒಯ್ದೆ.

ಅಧಿಕಾರಿಗಳು ನೋಡಿದರು, ಫೋಟೋ ಆಯಿತು, ಹೋದರು. ಮೂರನೆಯ ದಿನ ಈರಣ್ಣನ ಫೋನು ಬಂತು. ರಾತ್ರಿ ಒಳ್ಳೆಯ ಮಳೆ ಬಿದ್ದು ಭೂಮಿ ಹದವಾಗಿತ್ತು, ಮೆಕ್ಕೆಜೋಳ ಬಿತ್ತಲು ಟ್ರಾಕ್ಟರು ಇಳಿಸಿದ್ದರು, ಅರ್ಧ ಹೊಲದಲ್ಲಿ ಅದು ನಿಂತುಬಿಟ್ಟಿತ್ತು. ಹೋಗಿ ಫಿಲ್ಟರ್ ಬಿಚ್ಚಿದೆ. ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಮೆತ್ತಿಕೊಂಡಿತ್ತು. ಈರಣ್ಣ ಅದನ್ನು ಬೆರಳಿನಲ್ಲಿ ತೆಗೆದು, ಅಲ್ಲೇ ಗುಂಡಿಯಲ್ಲಿ ನಿಂತಿದ್ದ ನೀರಿನಲ್ಲಿ ಉಜ್ಜಿದರು. ನೊರೆ ಬಂತು.

"ಸೋಪಿನ ನೀರು ಕುಡಿಸೀರೇನ್ರಿ ನನ್ನ ಗಾಡಿಗೆ?" ಎಂದರು. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

"ಹಂಗೇನಿಲ್ಲ, ನೋಡ್ತೀನಿ ತಡೀರಿ" ಎಂದು ತೇಲಿಸಿದೆ.

ಟ್ಯಾಂಕು, ಪೈಪು, ಪಂಪು ಎಲ್ಲ ತೊಳೆಯಲು ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಅವರು ಪಕ್ಕದ ಹೊಲದವರ ಎತ್ತು ತಂದು ಉಳಿದದ್ದನ್ನು ಬಿತ್ತಿ ಮುಗಿಸಿದರು. ಆ ಎರಡು ದಿನವೂ ಅವರ ಮನೆಯಲ್ಲೇ ನನಗೆ ರೊಟ್ಟಿ. ಒಂದು ಕೆಟ್ಟ ಮಾತಿಲ್ಲ.

ವಾಪಸು ಬಂದಾಗ ಸರ್ ವರದಿ ತಯಾರು ಮಾಡಿಟ್ಟಿದ್ದರು. 'ಚಾಲಕನ ಅಜಾಗರೂಕತೆಯಿಂದ ಟ್ಯಾಂಕಿಗೆ ನೀರು ಸೇರಿ ಎಂಜಿನ್ ಸ್ಥಗಿತಗೊಂಡಿತು' ಎಂದು ಬರೆದಿತ್ತು. "ನಮ್ಮ ಎಣ್ಣೆ ತಪ್ಪು ಅಂತ ಬರೆದರೆ ಘಟಕಾನೇ ಇರಲ್ಲ. ಆತನಿಗೆ ಇದರಿಂದ ಏನೂ ನಷ್ಟ ಇಲ್ಲವಲ್ಲ" ಎಂದರು. ನಾನು ರುಜು ಹಾಕಿದೆ. ಏನೂ ನಷ್ಟ ಇಲ್ಲ ಎಂದು ನಾನೂ ನಂಬಿದೆ, ನಂಬಿದರೆ ಸಲೀಸಾಗಿತ್ತು.

ಆಮೇಲೆ ಕೆಲಸದ ರೀತಿ ಬದಲಾಯಿತು. ತೊಳೆದ ನೀರಿನ ಸೀಸೆಯನ್ನು ಕಪಾಟಿನಲ್ಲಿಟ್ಟು, ಅದರ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಕಾಣುವಷ್ಟು ತಿಳಿಯಾದರೆ ಮಾತ್ರ ಎಣ್ಣೆ ಹೊರಗೆ ಕಳಿಸುವುದು ಎಂದು ನಿಯಮ ಮಾಡಿಕೊಂಡೆ. ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ಈ ಎಣ್ಣೆ ತಿಂದುಹಾಕುತ್ತದೆ ಎಂದು ಎರಡು ಸಲ ಸೋರಿದ ಮೇಲೆ ಗೊತ್ತಾಗಿ, ಮೊದಲು ಪೈಪು ಬದಲಿಸಿ ಆಮೇಲೆ ಎಣ್ಣೆ ಹಾಕುವ ಪದ್ಧತಿ ಬಂತು. ಹೊಂಗೆ ಬೀಜ ಸಾಲದಾದಾಗ ಊರಿನ ಮಿರ್ಚಿ ಅಂಗಡಿ, ಖಾನಾವಳಿಗಳಿಂದ ಕರಿದು ಬಿಟ್ಟ ಎಣ್ಣೆ ತರಲು ಶುರುಮಾಡಿದೆವು. ಆ ಎಣ್ಣೆಯಲ್ಲಿ ಓಡುವ ಟ್ರಾಕ್ಟರಿನ ಸೈಲೆನ್ಸರಿನಿಂದ ಬಜ್ಜಿಯ ವಾಸನೆ ಬರುತ್ತಿತ್ತು.

ಆ ಎಣ್ಣೆ ನನಗೆ ಇನ್ನೊಂದು ಪಾಠ ಕಲಿಸಿತು. ಒಂದು ಚಳಿಗಾಲದಲ್ಲಿ ಹರಿಹರದ ಹತ್ತಿರದ ಊರೊಂದರಿಂದ ದಿನಾ ದೂರು: ಬೆಳಗ್ಗೆ ಟ್ರಾಕ್ಟರು ಶುರುವಾಗುವುದಿಲ್ಲ. ನಾನು ತಲುಪುವ ಹೊತ್ತಿಗೆ ಹತ್ತು ಗಂಟೆ, ಆಗ ಅದು ಒಂದೇ ಸಲಕ್ಕೆ ಶುರುವಾಗುತ್ತಿತ್ತು. ಪಂಪಿನದೇ ದೋಷ ಎಂದು ತೀರ್ಮಾನಿಸಿ ಪಂಪು ಬಿಚ್ಚಿ ಹರಡಿಕೊಂಡು ಕೂತೆ. ಕಿವಿಗೆ ಏನೂ ಕೇಳಿಸಿರಲಿಲ್ಲ, ಆದರೂ ಬಿಚ್ಚಿದೆ. ಎರಡನೆಯ ದಿನ ಚಹಾ ತಂದ ಆ ಮನೆಯ ಹೆಣ್ಣುಮಗಳು ಸ್ವಲ್ಪ ಹೊತ್ತು ನೋಡುತ್ತಾ ನಿಂತಿದ್ದು, "ಇದು ಕರಿದ ಎಣ್ಣಿ ಅಲ್ಲೇನ್ರಿ?" ಎಂದು ಕೇಳಿದರು.

"ಹೌದಮ್ಮ, ಶುದ್ಧ ಮಾಡಿದ್ದು."

"ಶುದ್ಧ ಮಾಡಿದ್ರೂ ಪಾಮಾಯಿಲು ಪಾಮಾಯಿಲೇ. ನಮ್ಮ ಅಡಿಗೆ ಮನ್ಯಾಗಿನ ಡಬ್ಬಿ ಈ ಚಳೀಗೆ ಬೆಳಗಿನ ಹೊತ್ತು ಗಟ್ಟಿ ಆಗಿರ್ತೈತೆ. ಬಿಸಿಲಾಗೆ ಇಟ್ಟ ಮ್ಯಾಲೆ ಕರಗ್ತೈತೆ. ನಿಮ್ದೂ ಹಂಗೇ ಆಗಿರ್ಬೇಕು ನೋಡ್ರಿ."

ಪಂಪಿನ ಭಾಗಗಳನ್ನೆಲ್ಲ ಎದುರಿಗೆ ಹರಡಿಕೊಂಡು ಕೂತಿದ್ದ ನನಗೆ ತಲೆ ಎತ್ತಲಾಗಲಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಹೋಗಿ ಫಿಲ್ಟರಿನ ಮೇಲೆ ಒಂದು ತಂಬಿಗೆ ಬಿಸಿನೀರು ಹೊಯ್ದೆ. ಟ್ರಾಕ್ಟರು ಶುರುವಾಯಿತು. ಅಂದಿನಿಂದ ಚಳಿಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಬೆರೆಸಿಯೇ ಕೊಡುತ್ತಿದ್ದೆವು.

ಇವೆಲ್ಲ ನಕ್ಕು ಹೇಳಬಹುದಾದ ತಪ್ಪುಗಳು. ನಗಲಾಗದ್ದು ಇನ್ನೊಂದಿದೆ.

ಹರಿಹರದಲ್ಲಿ ಮುರಿಗೆಪ್ಪ ಎಂಬ ವರ್ತಕರ ಮೆಕ್ಕೆಜೋಳದ ಗೋದಾಮು ಇತ್ತು. ಅಲ್ಲೊಂದು ಹಳೆಯ ಪೆಟ್ರೋಲ್ ಫೋರ್ಕ್‌ಲಿಫ್ಟು. ಎಂಜಿನ್ ಸವೆದು, ಪೆಟ್ರೋಲಿಗೆ ಏನೇನೋ ಬೆರೆಸಿ ಓಡಿಸಿ, ಗೋದಾಮಿನ ಒಳಗೆಲ್ಲ ನೀಲಿ ಹೊಗೆ ತುಂಬಿರುತ್ತಿತ್ತು. ಚೀಲ ಹೊರುವ ಹಮಾಲರು, ಚೀಲದ ಬಾಯಿ ಹೊಲಿಯುವ ಹೆಂಗಸರು ಮುಖಕ್ಕೆ ಟವೆಲು, ಸೆರಗು ಸುತ್ತಿಕೊಂಡೇ ಕೆಲಸ ಮಾಡುತ್ತಿದ್ದರು. ಮುರಿಗೆಪ್ಪನವರು ಕೆಟ್ಟವರಲ್ಲ. "ನಮ್ ಜನ ದಿನಾ ಕೆಮ್ತಾರ್ರಿ, ಏನಾದ್ರೂ ಮಾಡಿ ಕೊಡ್ರಿ" ಎಂದು ಅವರೇ ಕಾಲೇಜಿಗೆ ಬಂದು ಕೇಳಿದ್ದರು.

ಎಂಜಿನ್ನಿನ ಪಿಸ್ಟನ್ ಉಂಗುರಗಳನ್ನು ಬದಲಿಸಿ, ಅದಕ್ಕೆ ಗ್ಯಾಸ್ ಕಿಟ್ ಕೂರಿಸಿದೆವು. ಗ್ಯಾಸು ಎಷ್ಟು ಹೋಗಬೇಕು, ಗಾಳಿ ಎಷ್ಟು ಸೇರಬೇಕು ಎಂಬುದನ್ನು ಒಂದು ಸ್ಕ್ರೂನಿಂದ ಹೊಂದಿಸಬೇಕು. ಹೊಗೆ ಅಳೆಯುವ ಮೀಟರು ಆ ವಾರ ರಿಪೇರಿಗೆ ಹೋಗಿತ್ತು. ಕಾಯಬಹುದಿತ್ತು. ನಾನು ಕಿವಿಗೊಟ್ಟು, ಭಾರ ಎತ್ತುವಾಗ ಎಂಜಿನ್ ಒಂದಿಷ್ಟೂ ತೊಡರದಂತೆ ಗ್ಯಾಸು ಸ್ವಲ್ಪ ಧಾರಾಳವಾಗಿಯೇ ಬಿಟ್ಟು ಸ್ಕ್ರೂ ಬಿಗಿದೆ. ಎಂಜಿನ್ನು ಹೂವಿನ ಹಾಗೆ ಓಡಿತು.

ಹೊಗೆ ಮಾಯವಾಯಿತು. ಜನ ಮುಖಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಹೊಲಿಗೆ ಹೆಂಗಸರಲ್ಲಿ ಹನುಮಕ್ಕ ಎಂಬವಳು ಎಲ್ಲರಿಗಿಂತ ಮಾತುಗಾರ್ತಿ. ನಲವತ್ತರ ಹತ್ತಿರದ ವಯಸ್ಸು. ಚೀಲ ಹೊಲಿಯುವ ಕೈ ಮೆಷಿನ್ನು ಹಿಡಿದೇ ನನ್ನ ಹತ್ತಿರ ಬಂದು, "ಮೇಷ್ಟ್ರೇ, ಇಷ್ಟು ವರ್ಷ ಆದ್ಮೇಲೆ ಈ ಗೋದಾಮಿನ ಆ ಕಡೀ ಗ್ವಾಡಿ ಇವತ್ತು ನೋಡ್ದೆ ನೋಡ್ರಿ" ಎಂದಳು. ಎಲ್ಲ ನಕ್ಕರು. ನನಗೆ ಆ ಮಾತು ಯಾವ ಶಾಲಿಗಿಂತಲೂ ದೊಡ್ಡದಾಗಿತ್ತು.

ಬೇಸಿಗೆ ಕಳೆಯಿತು. ಮಳೆ ಹಿಡಿಯಿತು. ಮಳೆ ಬಂದರೆ ಚೀಲ ತೊಯ್ಯಬಾರದೆಂದು ಗೋದಾಮಿನ ಶಟರುಗಳನ್ನು ಇಳಿಸಿಬಿಡುತ್ತಾರೆ. ಇದನ್ನು ನಾನು ಯೋಚಿಸಿರಲಿಲ್ಲ.

ಒಂದು ಮಧ್ಯಾಹ್ನ ಗೋದಾಮಿನ ಗುಮಾಸ್ತ ಫೋನು ಮಾಡಿದ. ಗಾಡಿ ನಿಂತಲ್ಲಿ ನಡುಗುತ್ತಿದೆ, ಬಂದು ನೋಡಿ ಎಂದ. ಫೋನು ಇಡುವ ಮುಂಚೆ, "ಇವತ್ತು ಯಾಕೋ ಟೈಮೇ ಸರಿ ಇಲ್ಲರಿ. ಹನುಮಕ್ಕ ಬ್ಯಾರೆ ತಲೆ ತಿರುಗಿ ಬಿದ್ಲು. ಆಸ್ಪತ್ರೆಗೆ ಕಳ್ಸೀವಿ. ಉಪಾಸ ಇದ್ಲಂತೆ, ಡಾಕ್ಟ್ರು ಸುಸ್ತು ಅಂದ್ರಂತೆ" ಎಂದ.

ನಾನು ಬೈಕಿನಲ್ಲಿ ತೊಯ್ದುಕೊಂಡೇ ಹರಿಹರಕ್ಕೆ ಹೋದೆ. ಗೋದಾಮಿನ ಒಳಗೆ ಶಟರು ಎಳೆದು ಕೆಲಸ ನಡೆದಿತ್ತು. ಬಂದವನೇ ಎಂಜಿನ್ನಿಗೆ ಕಿವಿಗೊಟ್ಟು, ಓಡಿಸುತ್ತಲೇ ಪ್ಲಗ್ಗು, ವೈರು ನೋಡುತ್ತಾ ಕೂತೆ. ಅರ್ಧ ಗಂಟೆ ಆಗಿರಬಹುದು. ಹಣೆಯಲ್ಲಿ ಯಾರೋ ಒಳಗಿನಿಂದ ಬಡಿದ ಹಾಗೆ ನೋವು ಶುರುವಾಯಿತು. ತೊಯ್ದದ್ದಕ್ಕೆ ಇರಬೇಕು ಎಂದುಕೊಂಡೆ. ಎದ್ದು ನಿಂತೆ, ಮೊಣಕಾಲು ಸಡಿಲವಾಯಿತು. ಪಕ್ಕದಲ್ಲಿ ಒಬ್ಬ ಹಮಾಲ ಚೀಲದ ಮೇಲೆ ತಲೆ ಹಿಡಿದು ಕೂತಿದ್ದ.

"ಏನಾಯ್ತಪ್ಪ?"

"ತಲೆನೋವು ರೀ. ಮಳೆ ಹಿಡಿದಾಗಿಂದ ಎಲ್ಲಾರ್ಗೂ ಹಿಂಗೇ. ಹೊರಗ ಹೋದ್ರ ಕಡಿಮಿ ಆಗ್ತೈತೆ."

ಹೊರಗೆ ಹೋದರೆ ಕಡಿಮೆಯಾಗುತ್ತದೆ. ಆ ಮಾತು ಕಿವಿಗೆ ಬಿದ್ದ ಕ್ಷಣವೇ ನನಗೆ ಎಲ್ಲ ತಿಳಿಯಿತು. ಲ್ಯಾಬಿನಲ್ಲಿ ಹುಡುಗರಿಗೆ ವರ್ಷವೂ ಪಾಠ ಮಾಡಿದ್ದೆ: ಗಾಳಿ ಸಾಲದೆ ಉರಿದ ಇಂಧನದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿವಿಗಂತೂ ಕೇಳುವುದೇ ಇಲ್ಲ.

ಎಂಜಿನ್ ಆರಿಸಿ, "ಶಟರ್ ತೆಗೀರಿ! ಎಲ್ಲಾರೂ ಹೊರಗೆ ನಡೀರಿ!" ಎಂದು ಕೂಗಿದೆ. ಗುಮಾಸ್ತ, "ಚೀಲ ತೊಯ್ತಾವ್ರೀ" ಎಂದು ಅಡ್ಡ ಬಂದ. ಅವನನ್ನು ದಾಟಿ ನಾನೇ ಒಂದು ಶಟರು ಎತ್ತಿದೆ. ಹಮಾಲರು ಉಳಿದವನ್ನು ಎತ್ತಿದರು. ಜನ ಸೂರಿನ ಕೆಳಗೆ ಬಂದು ನಿಂತರು. ಇಬ್ಬರು ಅಲ್ಲೇ ವಾಂತಿ ಮಾಡಿಕೊಂಡರು. ಮುಂದಿನ ಸಾಲಿನ ಚೀಲಗಳು ತೊಯ್ದವು.

ಅಲ್ಲಿಂದ ಆಸ್ಪತ್ರೆಗೆ ಹೊರಟೆ. ಆಸ್ಪತ್ರೆಯ ಬಾಗಿಲ ಬಳಿ ನಿಂತು ಚನ್ನಬಸಪ್ಪ ಸರ್‌ಗೆ ಫೋನು ಮಾಡಿ ವಿಷಯ ಹೇಳಿದೆ. ಅವರು ತಗ್ಗಿದ ದನಿಯಲ್ಲಿ, "ಡಾಕ್ಟರೇ ಸುಸ್ತು ಅಂತ ಹೇಳಿದ್ದಾರಲ್ಲ ತಿಪ್ಪೇಸ್ವಾಮಿ. ಗಾಡಿ ನಿಲ್ಲಿಸಿದಿರಿ, ಒಳ್ಳೇದಾಯ್ತು. ಸದ್ದಿಲ್ಲದೆ ಸರಿಮಾಡಿಕೊಡೋಣ. ಮುಂದಿನ ವಾರ ಪರಿಶೀಲನೆಗೆ ಬರ್ತಿದ್ದಾರೆ, ನಿಮಗೂ ಗೊತ್ತು" ಎಂದರು.

ನಾನು ಧೀರನ ಹಾಗೆ ಆ ಕ್ಷಣವೇ ಒಳಗೆ ನುಗ್ಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಫೋನು ಜೇಬಿಗಿಟ್ಟುಕೊಂಡು ಆ ಬಾಗಿಲಲ್ಲಿ ನಿಂತೆ. ನನ್ನ ನೌಕರಿಯ ಯೋಚನೆ ಬಂತು, ಘಟಕದ ಯೋಚನೆ ಬಂತು. ಅವಳು ಹುಷಾರಾಗೇ ಆಗುತ್ತಾಳೆ, ಹೊರಗಿನ ಗಾಳಿಗೆ ಬಂದಿದ್ದಾಳಲ್ಲ ಎಂದೂ ಅನ್ನಿಸಿತು. ಅಷ್ಟರಲ್ಲಿ ಹನುಮಕ್ಕನ ಅಕ್ಕ ಫ್ಲಾಸ್ಕು ಹಿಡಿದು ಬಂದಳು. ನನ್ನನ್ನು ಅವಳಿಗೆ ಗೊತ್ತಿತ್ತು.

"ನೋಡಾಕೆ ಬಂದ್ರಾ ಮೇಷ್ಟ್ರೇ? ಬರ್ರಿ, ಇಲ್ಲೇ ಅದಾಳೆ. ಬಾಟ್ಲಿ ಹಾಕ್ಯಾರೆ, ಇನ್ನೊಂದ್ ತಾಸಿಗೆ ಮನೀಗೆ ಕಳಸ್ತಾರಂತೆ. ಆದ್ರ ಇನ್ನೂ ಕಣ್ಣು ಬಿಡವಲ್ಲಳು. ಕರದ್ರ ಹೂಂ ಅಂತಾಳೆ, ಮತ್ತೆ ಮಲಗ್ತಾಳೆ" ಎಂದಳು.

ನಾನು ನೇರ ಡಾಕ್ಟರ ಬಳಿ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಇವರು ಕೆಲಸ ಮಾಡುವ ಗೋದಾಮಿನಲ್ಲಿ ಗ್ಯಾಸಿನ ಗಾಡಿ ಇದೆ. ಬಾಗಿಲು ಮುಚ್ಚಿ ಓಡಿಸಿದ್ದಾರೆ. ಕಾರ್ಬನ್ ಮಾನಾಕ್ಸೈಡ್ ಕುಡಿದಿದ್ದಾರೆ. ಗಾಡಿ ತಯಾರು ಮಾಡಿದವನು ನಾನೇ" ಎಂದೆ.

ಆಕೆ ನನ್ನ ಮುಖವನ್ನು, ರಕ್ತದ ಆಕ್ಸಿಜನ್ ಅಳೆಯಲು ಹನುಮಕ್ಕನ ಬೆರಳಿಗೆ ಹಾಕಿದ್ದ ಕ್ಲಿಪ್ಪನ್ನು ನೋಡಿದರು. ಕ್ಲಿಪ್ಪಿನಲ್ಲಿ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತು. ಈ ವಿಷ ಆ ಕ್ಲಿಪ್ಪಿಗೂ ಮೋಸ ಮಾಡುತ್ತದೆಯಂತೆ. "ಯಾರೂ ಹೇಳಲಿಲ್ಲವಲ್ಲ" ಎಂದವರೇ ನರ್ಸನ್ನು ಕೂಗಿ, ಹನುಮಕ್ಕನ ಮುಖಕ್ಕೆ ಆಕ್ಸಿಜನ್ ಹಾಕಿಸಿದರು. ಗೋದಾಮಿನ ಉಳಿದವರನ್ನೂ ಕರೆಸಿ ಎಂದರು. ಮುರಿಗೆಪ್ಪನವರಿಗೆ ಫೋನು ಮಾಡಿದೆ. ಅವರೇ ತಮ್ಮ ಗಾಡಿಯಲ್ಲಿ ಎಲ್ಲರನ್ನೂ ಹೇರಿಕೊಂಡು ಬಂದರು.

ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಹನುಮಕ್ಕನ ಅಕ್ಕ ಬಂದು ಪಕ್ಕದಲ್ಲಿ ಕೂತು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಳು. ಡಾಕ್ಟರಿಗೆ ನಾನು ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು, "ಕುಡೀರಿ, ನಿಮ್ ಮುಖಾನೂ ಬಿಳಿಚಿಕೊಂಡೈತೆ" ಎಂದಷ್ಟೇ ಅಂದಳು. ಸಂಜೆಯ ಹೊತ್ತಿಗೆ ಹನುಮಕ್ಕ ಕಣ್ಣು ಬಿಟ್ಟು, ತನ್ನ ಹೊಲಿಗೆ ಮೆಷಿನ್ನನ್ನು ಯಾರು ಎತ್ತಿಟ್ಟರು ಎಂದು ಕೇಳಿದಳಂತೆ.

ಮರುದಿನ ರಸ್ತೆ ಬದಿಯಲ್ಲಿ ಗಾಡಿಗಳ ಹೊಗೆ ತಪಾಸಣೆ ಮಾಡುವವನೊಬ್ಬನನ್ನು ಅವನ ಮೀಟರಿನ ಸಮೇತ ಗೋದಾಮಿಗೆ ಕರೆತಂದೆ. ಎಂಜಿನ್ ಶುರುಮಾಡಿ ಕೊಳವೆ ಇಟ್ಟ. "ಇದು ಮೀಟರೇ ಕೆಟ್ಟೈತೋ ಏನೋ ಸಾರ್, ಇಂಥ ನಂಬರು ನಾ ನೋಡೇ ಇಲ್ಲ" ಎಂದ. ಮೀಟರು ಕೆಟ್ಟಿರಲಿಲ್ಲ. ಮೀಟರು ನೋಡುತ್ತಾ ಸ್ಕ್ರೂ ತಿರುಗಿಸಿದೆ. ಕಾಲು ಸುತ್ತಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಂಬರು ತಗ್ಗುತ್ತಾ ಹೋಯಿತು. ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು.

ಕಾಲೇಜಿಗೆ ಹೋಗಿ ವರದಿಯನ್ನು ನಾನೇ ಬರೆದೆ. ಮೀಟರಿಲ್ಲದೆ ಹೊಂದಿಸಿದ್ದು, ಮಳೆಗಾಲದಲ್ಲಿ ಬಾಗಿಲು ಮುಚ್ಚುತ್ತಾರೆಯೇ ಎಂದು ವಿಚಾರಿಸದೆ ಇದ್ದದ್ದು, ಎಲ್ಲ ಬರೆದು ಕೊನೆಯಲ್ಲಿ 'ತಪ್ಪು ನನ್ನದು' ಎಂದು ರುಜು ಮಾಡಿ ಸರ್ ಮೇಜಿನ ಮೇಲಿಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಮೊದಲಿನಿಂದ ಓದಿದರು.

"ಆಕೆ ಹೇಗಿದ್ದಾರೆ?" ಎಂದು ಕೇಳಿದರು.

"ನಾಳೆ ಮನೆಗೆ ಕಳಿಸ್ತಾರಂತೆ ಸರ್."

"ನಿನ್ನೆ ನಾನು ಫೋನಿನಲ್ಲಿ ಹೇಳಿದ್ದನ್ನ ನೀವು ಕೇಳಿದ್ದರೆ?"

ಅವರು ಪೆನ್ನು ತೆಗೆದು, 'ನನ್ನದು' ಎಂಬುದನ್ನು ಹೊಡೆದುಹಾಕಿ 'ನಮ್ಮದು' ಎಂದು ಬರೆದು, ನನ್ನ ರುಜುವಿನ ಕೆಳಗೆ ತಮ್ಮ ರುಜು ಹಾಕಿದರು. ಘಟಕ ಮುಚ್ಚಲಿಲ್ಲ. ಆದರೆ ನಮ್ಮಿಬ್ಬರಿಗೂ ಮೆಮೋ ಬಂತು, ಆರು ತಿಂಗಳು ಹೊರಗಿನ ಯಾವ ಗಾಡಿಯನ್ನೂ ಮುಟ್ಟಬಾರದೆಂದು ಆಜ್ಞೆಯಾಯಿತು. ಅದು ನ್ಯಾಯವಾಗಿಯೇ ಇತ್ತು.

ಆ ಬಿಡುವಿನಲ್ಲಿ ಒಂದು ದಿನ ಬಸ್ಸು ಹತ್ತಿ ಆನಗೋಡಿಗೆ ಹೋದೆ. ಈರಣ್ಣನಿಗೆ ಹಳೆಯ ವರದಿಯ ವಿಷಯ ಹೇಳಿ, ನೀರು ಸೇರಿದ್ದು ನಿಮ್ಮಿಂದಲ್ಲ, ನಾವು ಎಣ್ಣೆ ತೊಳೆಯದೆ ತಂದಿದ್ದೆವು ಎಂದೆ.

"ನಂಗೊತ್ತಿಲ್ಲೇನ್ರಿ?" ಎಂದರು. "ಆ ವರದಿ ಇಲ್ಲಿ ಪಂಚಾಯ್ತಿ ಸಭೆಯಾಗೆ ಓದಿದ್ರು. ಅವತ್ತಿಂದ ನಾನು ಊರಿಗೆ 'ನೀರೆಣ್ಣೆ ಈರಣ್ಣ'. ನನ್ನ ಮಗಳ ಮದುವೀಗೆ ಬಂದ ಬೀಗರೂ ಅದನ್ನೇ ಹೇಳಿ ನಕ್ಕರು."

ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಯಾರಿಗೂ ಏನೂ ನಷ್ಟ ಇಲ್ಲ ಎಂದು ನಂಬಿದ್ದವನು ನಾನು.

"ಈಗ ಏನು ಮಾಡಲಿ ಹೇಳ್ರಿ" ಎಂದೆ.

"ಇಲ್ಲಿ ನಂಗೊಬ್ಬನಿಗೇ ಹೇಳಿದ್ರ ಏನ್ ಬಂತು? ನಡ್ರಿ ಹೋಟ್ಲಿಗೆ."

ಚಹಾದಂಗಡಿಯ ಮುಂದೆ ಏಳೆಂಟು ಜನ ಕೂತಿದ್ದರು. ನಾನು ನಿಂತು, ಕಾಲೇಜಿನ ಎಣ್ಣೆಯಲ್ಲಿ ಸೋಪು ಇತ್ತು, ಈರಣ್ಣನ ತಪ್ಪೇನೂ ಇರಲಿಲ್ಲ ಎಂದು ಎಲ್ಲ ಬಿಡಿಸಿ ಹೇಳಿದೆ. ಒಬ್ಬ ಮುದುಕರು, "ಹಂಗಾರ ಇನ್ಮ್ಯಾಲೆ ನಿಮ್ಮನ್ನ ಸೋಪಿನ ಮೇಷ್ಟ್ರು ಅನ್ನಾನ?" ಎಂದರು. ನಗು ಎದ್ದಿತು. ಈರಣ್ಣನೂ ನಕ್ಕರು. ಅವರ ನಗುವಿನಲ್ಲಿ ಅರ್ಧ ಕ್ಷಮೆ ಇತ್ತು, ಇನ್ನರ್ಧ ಇರಲಿಲ್ಲ. ಅಷ್ಟಕ್ಕೇ ನಾನು ಅರ್ಹ ಎಂದುಕೊಂಡು ಬಸ್ಸು ಹತ್ತಿದೆ.

ಹರಿಹರದ ಗೋದಾಮಿನಲ್ಲಿ ಗ್ಯಾಸ್ ಬೇಡವೇ ಬೇಡ ಎಂದು ಜನ ಪಟ್ಟು ಹಿಡಿದಿದ್ದರು. ಮುರಿಗೆಪ್ಪನವರು ಫೋರ್ಕ್‌ಲಿಫ್ಟನ್ನು ನಿಲ್ಲಿಸಿಬಿಟ್ಟಿದ್ದರು. ಚೀಲಗಳೆಲ್ಲ ಹಮಾಲರ ಬೆನ್ನ ಮೇಲೆಯೇ ಹೋಗುತ್ತಿದ್ದವು. ಆರು ತಿಂಗಳು ಮುಗಿದ ಮೇಲೆ ಹೋದೆ. ಹನುಮಕ್ಕ ಕೆಲಸಕ್ಕೆ ಬಂದಿದ್ದಳು. ಮೊದಲಿನ ಹಾಗೆ ಹತ್ತಿರ ಬರಲಿಲ್ಲ. ನಾನೇ ಹೋದೆ.

"ಹೆಂಗಿದೀಯಮ್ಮ?"

"ಇದೀನ್ರಿ. ಆಗೀಗ ಮರವು ಬರ್ತೈತೆ. ಅಷ್ಟೇ." ಮೆಷಿನ್ನು ಕೆಳಗಿಟ್ಟಳು. "ಒಂದ್ ಮಾತು ಕೇಳ್ತೀನಿ. ಮದ್ಲಿನ ಹೊಗೀ ಕಣ್ಣಿಗೆ ಕಾಣ್ತಿತ್ತು, ಸೆರಗು ಮುಚ್ಕೊಂತಿದ್ವಿ. ಇದು ಕಾಣಂಗಿಲ್ಲ. ಕಾಣದಿರೋದಕ್ಕ ನಾವು ಏನ್ ಮುಚ್ಕಬೇಕು ಹೇಳ್ರಿ?"

ಮುರಿಗೆಪ್ಪನವರ ಜೊತೆ ಕೂತು ಕೆಲಸ ಶುರುಮಾಡಿದೆ. ಮಳೆ ನೀರು ಒಳಗೆ ಬಾರದ, ಗಾಳಿ ಮಾತ್ರ ಆಡುವ ಕಿಂಡಿಗಳನ್ನು ಛಾವಣಿಯ ನೆತ್ತಿಯಲ್ಲಿ ತೆಗೆಸಿದೆವು. ತಿಂಗಳಿಗೊಮ್ಮೆ ಮೀಟರು ಇಟ್ಟೇ ಎಂಜಿನ್ ಹೊಂದಿಸುವುದು ಎಂದಾಯಿತು. ಗೋಡೆಗೆ, ಹೆಂಗಸರು ಕೂರುವ ಎತ್ತರದಲ್ಲಿ, ಆ ವಿಷ ಗಾಳಿಯಲ್ಲಿ ಎಷ್ಟಿದೆ ಎಂದು ತೋರಿಸುವ ಒಂದು ಸಣ್ಣ ಡಬ್ಬಿ ಹಾಕಿಸಿದೆವು. ಹೆಚ್ಚಾದರೆ ಅದು ಕೂಗುತ್ತದೆ. ಆದರೆ ಎಂಜಿನ್ನಿನ ಸದ್ದಿನಲ್ಲಿ ಆ ಕೂಗು ಕೇಳಿಸುವುದಿಲ್ಲ, ಯಾರಾದರೂ ಅಂಕಿ ನೋಡುತ್ತಿರಬೇಕು.

"ನಾ ನೋಡ್ಕೊಂತೀನಿ" ಎಂದಳು ಹನುಮಕ್ಕ. ಶಾಲೆ ಕಂಡವಳಲ್ಲ, ಆದರೆ ಚೀಲ ಎಣಿಸಿ ಎಣಿಸಿ ಅಂಕಿ ಬರುತ್ತಿತ್ತು. "ಎಷ್ಟಾದ್ರ ನಿಲ್ಲಿಸ್ಬೇಕು?"

"ಮೂವತ್ತು. ಅಲ್ಲಿಗೆ ಬಂದರೆ ಯಾರಿಗೂ ಕೇಳಬೇಡ, ಗಾಡಿ ಆರಿಸು, ಎಲ್ಲರನ್ನೂ ಹೊರಗೆ ಕಳಿಸು" ಎಂದೆ. ಮುರಿಗೆಪ್ಪನವರು ಎಲ್ಲರ ಎದುರಿಗೆ, "ಆಕಿ ನಿಲ್ಸು ಅಂದ್ರ ನಿಲ್ಸೋದು. ನಾನಾ ಇದ್ರೂ ಅಷ್ಟ" ಎಂದರು. ಎಂಜಿನ್ ಆರಿಸುವ ಕೀಲಿ ಎಲ್ಲಿದೆ ಎಂದು ಅವಳಿಗೆ ತೋರಿಸಿದೆ. ಎರಡು ಸಲ ಆರಿಸಿ, ಶುರುಮಾಡಿ ನೋಡಿದಳು.

ನಿವೃತ್ತಿಗೆ ಕೆಲವು ವಾರ ಇರುವಾಗ ಕೊನೆಯ ಸಲ ಅಲ್ಲಿಗೆ ಹೋದೆ. ಗ್ಯಾಸಿನ ರೆಗ್ಯುಲೇಟರ್ ಬದಲಿಸಿ, ಮೀಟರು ಹಚ್ಚಿ ಸ್ಕ್ರೂ ಹೊಂದಿಸುತ್ತಿದ್ದೆ. ಹೊಸ ರೆಗ್ಯುಲೇಟರು, ಮೊದಲಿಗೆ ಗ್ಯಾಸು ಹೆಚ್ಚೇ ಬರುತ್ತಿತ್ತು. ಇನ್ನೊಂದು ಕ್ಷಣ, ಸರಿಹೋಗುತ್ತದೆ ಎಂದು ಬಗ್ಗಿಯೇ ಇದ್ದೆ. ಮುರಿಗೆಪ್ಪನವರು ಪಕ್ಕದಲ್ಲೇ ನಿಂತು ಏನೋ ಹೇಳುತ್ತಿದ್ದರು. ಎಂಜಿನ್ನು ಒಮ್ಮೆಲೇ ನಿಂತುಹೋಯಿತು. ಕೆಟ್ಟಿತೆಂದು ತಲೆ ಎತ್ತಿದೆ. ಹನುಮಕ್ಕ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದಳು.

"ಮೂವತ್ತೆರಡು ಆಗೈತೆ" ಎಂದಳು. "ಹೊರಗೆ ನಡ್ರಿ ಮೇಷ್ಟ್ರೇ."

"ಆಯ್ತಮ್ಮ, ಅರ್ಧ ನಿಮಿಷದ ಕೆಲಸ..."

"ಬ್ಯಾಡ. ನಡ್ರಿ. ಸಾವ್ಕಾರ್ರೇ, ನೀವೂ."

ನಾವಿಬ್ಬರೂ ಹೊರಗೆ ಹೋಗಿ, ಅವಳು ಕರೆಯುವವರೆಗೆ ಬಿಸಿಲಿನಲ್ಲಿ ನಿಂತೆವು.